ಮನೆಗೊಂದೇ ಪ್ರಿಂಟರ್, ಎಲ್ಲ ಕಂಪ್ಯೂಟರಿನಿಂದಲೂ ಮುದ್ರಣ

ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ತೆರೆದು, ಅಲ್ಲಿಂದ ಪ್ರಿಂಟ್ ಕೊಡುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಅದರ ಕಾಟ ಇನ್ನೂ ಹೆಚ್ಚು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಅರ್ಜಿಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದಿದ್ದರೂ ಫಾಂಟ್ ಬದಲಾದರೆ ಸಾಲುಗಳು ಜರುಗಿ, ಒಂದು ಪುಟದ ಪತ್ರ ಎರಡನೇ ಪುಟಕ್ಕೆ ಹರಿಯುತ್ತದೆ. ಪ್ರಿಂಟರನ್ನು ಮನೆಯ ನೆಟ್‌ವರ್ಕಿನಲ್ಲಿ ಹಂಚಿಕೊಂಡರೆ ಈ ತೊಂದರೆ ಬುಡಸಮೇತ ಹೋಗುತ್ತದೆ. ಫಾಂಟ್ ಯಾವ ಕಂಪ್ಯೂಟರಿನಲ್ಲಿದೆಯೋ ಅದೇ ಕಂಪ್ಯೂಟರು ಪುಟವನ್ನು ಸಿದ್ಧಪಡಿಸಿ ಪ್ರಿಂಟರಿಗೆ ಕಳಿಸುತ್ತದೆ.

ಹಂಚಿಕೊಳ್ಳುವ ದಾರಿ ಒಂದೇ ಅಲ್ಲ. ಯಾವ ದಾರಿ ನಿಮ್ಮ ಮನೆಗೆ ಸರಿ ಎಂದು ಮೊದಲ ಹತ್ತು ನಿಮಿಷದಲ್ಲಿ ತೀರ್ಮಾನಿಸಿದರೆ ಮುಂದಿನ ತಿಂಗಳುಗಳ ತಲೆನೋವು ತಪ್ಪುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಪ್ರಿಂಟರಿಗೆ ತಾನೇ ನೆಟ್‌ವರ್ಕ್ ಸೇರುವ ಶಕ್ತಿ ಇದ್ದರೆ ನೇರವಾಗಿ ರೂಟರಿಗೆ ಸೇರಿಸಿ, ನಡುವೆ ಯಾವ ಕಂಪ್ಯೂಟರೂ ಬೇಡ. ಆ ಶಕ್ತಿ ಇಲ್ಲದಿದ್ದರೆ ಮಾತ್ರ ಒಂದು ಕಂಪ್ಯೂಟರನ್ನು ಮಧ್ಯವರ್ತಿ ಮಾಡಿ.

ಮೊದಲು ಪ್ರಿಂಟರಿನ ಹಿಂಬದಿ ನೋಡಿ

ಹಿಂದೆ ಚೌಕಾಕಾರದ ಯುಎಸ್‌ಬಿ ಕಿಂಡಿ ಮಾತ್ರ ಇದೆಯೋ, ರೂಟರಿನ ಕೇಬಲ್ ಸಿಕ್ಕಿಸುವ ಲ್ಯಾನ್ ಕಿಂಡಿಯೂ ಇದೆಯೋ ನೋಡಿ. ಮುಂಭಾಗದಲ್ಲಿ ವೈ-ಫೈ ಗುಂಡಿ ಇದೆಯೇ ಎಂದೂ ಹುಡುಕಿ. ಮಾದರಿಯ ಸಂಖ್ಯೆ ಇಲ್ಲಿ ಬಹಳ ಮುಖ್ಯ, ಏಕೆಂದರೆ ನೋಡಲು ಒಂದೇ ಥರ ಇರುವ ಪ್ರಿಂಟರುಗಳಲ್ಲೂ ವ್ಯತ್ಯಾಸವಿರುತ್ತದೆ. ಎಪ್ಸನ್‌ನ ಎಲ್3110ರಲ್ಲಿ ಯುಎಸ್‌ಬಿ ಮಾತ್ರ, ಎಲ್3150ರಲ್ಲಿ ವೈ-ಫೈ ಇದೆ. ನಮ್ಮ ಕಡೆ ಮನೆ, ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲೆಲ್ಲ ಕಾಣುವ ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ2900 ಎರಡೂ ಯುಎಸ್‌ಬಿ ಮಾತ್ರದವು. ಹಳೆಯದೆಂದು ಅವನ್ನು ಎಸೆಯಬೇಕಿಲ್ಲ. ಅವುಗಳಿಗೂ ಒಳ್ಳೆಯ ದಾರಿ ಇದೆ, ಮುಂದೆ ಹೇಳುತ್ತೇನೆ.

ವೈ-ಫೈ ಅಥವಾ ಲ್ಯಾನ್ ಇರುವ ಪ್ರಿಂಟರ್

ಲ್ಯಾನ್ ಕಿಂಡಿ ಇದ್ದು ರೂಟರ್ ಹತ್ತಿರದಲ್ಲಿದ್ದರೆ ಕೇಬಲ್ ಹಾಕಿಬಿಡಿ. ಇಷ್ಟು ನೆಮ್ಮದಿಯ ಜೋಡಣೆ ಬೇರೊಂದಿಲ್ಲ. ವೈ-ಫೈ ಆದರೆ ಪ್ರಿಂಟರಿನ ಪರದೆಯಿಂದಲೋ ತಯಾರಕರ ಆ್ಯಪಿನಿಂದಲೋ ಮನೆಯ ವೈ-ಫೈ ಹೆಸರು ಆರಿಸಿ ಪಾಸ್‌ವರ್ಡ್ ಕೊಡಿ. ಇಲ್ಲಿ ಎಡವುವ ಜಾಗಗಳು ನಾಲ್ಕೈದು ಇವೆ.

ಬಹಳಷ್ಟು ಪ್ರಿಂಟರುಗಳಿಗೆ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಗೊತ್ತು. ರೂಟರಿನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಇಟ್ಟಿದ್ದರೆ ಪ್ರಿಂಟರನ್ನು 2.4ಕ್ಕೇ ಸೇರಿಸಿ. ಲ್ಯಾಪ್‌ಟಾಪ್ 5ರಲ್ಲಿದ್ದರೂ ಚಿಂತೆಯಿಲ್ಲ, ಸಾಮಾನ್ಯವಾಗಿ ಎರಡೂ ಒಂದೇ ನೆಟ್‌ವರ್ಕಿನ ಎರಡು ಬಾಗಿಲುಗಳು. ರೂಟರಿನ ಭದ್ರತೆಯನ್ನು ವೈ-ಫೈ ಕಾಪಾಡುವ ಹೊಸ ಕ್ರಮವಾದ ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿದ್ದರೆ ಹಳೆಯ ಪ್ರಿಂಟರ್ ಸೇರುವುದೇ ಇಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಕೊಡಿ. ಅತಿಥಿಗಳ ವೈ-ಫೈಗೆ ಪ್ರಿಂಟರನ್ನು ಸೇರಿಸಬೇಡಿ. ಅದರಲ್ಲಿರುವ ಸಾಧನಗಳು ಒಂದನ್ನೊಂದು ನೋಡದಂತೆ ರೂಟರೇ ಗೋಡೆ ಕಟ್ಟಿರುತ್ತದೆ.

ಇನ್ನೊಂದು ತೊಡಕು ಫೈಬರ್ ಇಂಟರ್ನೆಟ್ ಇರುವ ಮನೆಗಳದ್ದು. ಇಂಟರ್ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯೂ ರೂಟರ್, ನೀವು ಕೊಂಡು ತಂದು ಅದಕ್ಕೆ ಸಿಕ್ಕಿಸಿದ್ದೂ ರೂಟರ್. ಹೀಗಾದಾಗ ಮನೆಯೊಳಗೆ ನಿಮಗೇ ತಿಳಿಯದಂತೆ ಎರಡು ನೆಟ್‌ವರ್ಕುಗಳು ಹುಟ್ಟಿಕೊಂಡಿರುತ್ತವೆ. ಎರಡರಲ್ಲೂ ಇಂಟರ್ನೆಟ್ ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಅಂಕಿಗಳ ಒಂದು ಗುರುತು ಇರುತ್ತದೆ, ಅದೇ ಐಪಿ ವಿಳಾಸ. ಪತ್ತೆ ಮಾಡುವುದು ಸುಲಭ: ಪ್ರಿಂಟರಿನ ಐಪಿ ವಿಳಾಸವನ್ನೂ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಶುರುವಾದರೆ ಅವು ಬೇರೆಬೇರೆ ನೆಟ್‌ವರ್ಕಿನಲ್ಲಿವೆ. ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ, ಅಂದರೆ ತನ್ನದೇ ನೆಟ್‌ವರ್ಕ್ ಹುಟ್ಟಿಸದೆ ವೈ-ಫೈ ಮಾತ್ರ ಹರಡುವಂತೆ, ಬದಲಿಸಿದರೆ ಮನೆಯೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ.

ಸೇರಿಸಿದ ಮೇಲೆ ಒಂದು ಕೆಲಸವನ್ನು ತಪ್ಪದೆ ಮಾಡಿ: ಪ್ರಿಂಟರಿಗೆ ಖಾಯಂ ವಿಳಾಸ ಕೊಡಿ. ಕರೆಂಟ್ ಹೋಗಿ ಬಂದಾಗ ರೂಟರ್ ಮತ್ತೆ ಏಳುತ್ತದೆ, ಸಾಧನಗಳಿಗೆ ವಿಳಾಸಗಳನ್ನು ಹೊಸದಾಗಿ ಹಂಚುತ್ತದೆ. ನಿನ್ನೆ 192.168.1.5ರಲ್ಲಿದ್ದ ಪ್ರಿಂಟರ್ ಇವತ್ತು 192.168.1.9ರಲ್ಲಿರುತ್ತದೆ. ಲ್ಯಾಪ್‌ಟಾಪ್ ಮಾತ್ರ ಹಳೆಯ ವಿಳಾಸಕ್ಕೇ ಪುಟ ಕಳಿಸುತ್ತ ‘ಆಫ್‌ಲೈನ್’ ಎನ್ನುತ್ತದೆ. ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ, ವಿಳಾಸ ಹಂಚುವ ಡಿಎಚ್‌ಸಿಪಿ ವಿಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಆಯ್ಕೆ ಹುಡುಕಿ, ಪ್ರಿಂಟರಿನ ಮ್ಯಾಕ್ ಅಡ್ರೆಸ್ಸಿಗೆ (ತಯಾರಿಕೆಯಲ್ಲೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ, ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ಒಂದು ವಿಳಾಸವನ್ನು ಗೊತ್ತುಮಾಡಿ. ಆ ವಿಳಾಸವನ್ನು ಚೀಟಿಯಲ್ಲಿ ಬರೆದು ಪ್ರಿಂಟರಿನ ಮೇಲೇ ಅಂಟಿಸಿ. ಮುಂದೆ ಯಾವ ಕಂಪ್ಯೂಟರ್ ಸೇರಿಸುವಾಗಲೂ ಅದೇ ಬೇಕಾಗುವುದು.

ವಿಂಡೋಸ್‌ನಲ್ಲಿ ಇಂಥ ಪ್ರಿಂಟರ್ ತಾನಾಗಿ ಕಾಣಿಸಿಕೊಂಡು ಸೇರಿಕೊಳ್ಳುತ್ತದೆ. ಆದರೆ ಅದು ಬಹಳ ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟಿನಲ್ಲಿ, ಅಂದರೆ ವಿಂಡೋಸ್ ತಾನೇ ಹುಡುಕಿಕೊಂಡ ಸಂಪರ್ಕದಲ್ಲಿ, ಸೇರುತ್ತದೆ, ಕೆಲವು ಮನೆಗಳಲ್ಲಿ ಪದೇಪದೇ ಆಫ್‌ಲೈನ್ ಆಗುತ್ತದೆ. ನಿಮಗೂ ಹಾಗಾದರೆ ಅದನ್ನು ತೆಗೆದುಹಾಕಿ. ಮತ್ತೆ ಸೇರಿಸುವಾಗ ‘ಆ್ಯಡ್ ಮ್ಯಾನ್ಯುಯಲಿ’ ಒತ್ತಿ, ಟಿಸಿಪಿ/ಐಪಿ ವಿಳಾಸದ ಮೂಲಕ ಸೇರಿಸುವ ಆಯ್ಕೆಯಲ್ಲಿ ಚೀಟಿಯ ವಿಳಾಸ ಕೊಡಿ. ಆಮೇಲೂ ಸುಮ್ಮಸುಮ್ಮನೆ ಆಫ್‌ಲೈನ್ ಎಂದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಹಾಳೆಯಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿ, ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಗುರುತು ತೆಗೆಯಿರಿ.

ಯುಎಸ್‌ಬಿ ಮಾತ್ರ ಇದ್ದರೆ

ರೂಟರಿನ ಹಿಂದೆ ಯುಎಸ್‌ಬಿ ಕಿಂಡಿ ಕಂಡೊಡನೆ ಪ್ರಿಂಟರನ್ನು ಅಲ್ಲಿಗೆ ಸಿಕ್ಕಿಸುವ ಆಸೆ ಸಹಜ. ಕೆಲವು ರೂಟರುಗಳಲ್ಲಿ ಪ್ರಿಂಟರನ್ನು ಹಂಚುವ ಪ್ರಿಂಟ್ ಸರ್ವರ್ ಸೌಲಭ್ಯ ಇರುವುದೂ ನಿಜ. ಆದರೆ ಲೇಸರ್‌ಜೆಟ್ 1020ರಂಥದ್ದು ಅಲ್ಲಿ ಸುಮ್ಮನೆ ಕೂರುವ ಸಾಧ್ಯತೆಯೇ ಹೆಚ್ಚು. ಆ ಪ್ರಿಂಟರ್ ತನ್ನನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಪ್ರಿಂಟರ್ ಬಳಸಲು ಕಂಪ್ಯೂಟರಿನಲ್ಲಿ ಹಾಕಿದ ತಂತ್ರಾಂಶ, ಅಂದರೆ ಡ್ರೈವರ್, ಅದನ್ನು ಹೊಸದಾಗಿ ತುಂಬಬೇಕು. ರೂಟರಿಗೆ ಆ ಡ್ರೈವರ್ ಇಲ್ಲ. ಎಲ್‌ಬಿಪಿ2900 ಕೂಡ ಪುಟ ರೂಪಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನ ಮೇಲೇ ಹೊರಿಸುವ ಜಾತಿಯದು. ಇಂಥವಕ್ಕೆ ನಿಜವಾದ ಕಂಪ್ಯೂಟರೇ ಬೇಕು.

ಯಾವ ಕಂಪ್ಯೂಟರ್? ಬ್ಯಾಗಿಗೆ ಹಾಕಿಕೊಂಡು ಆಫೀಸಿಗೆ ಹೋಗುವ ಲ್ಯಾಪ್‌ಟಾಪ್ ಅಲ್ಲ. ಮನೆಯಲ್ಲೇ ಇರುವ ಡೆಸ್ಕ್‌ಟಾಪ್, ಇಲ್ಲವೇ ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್. ಅದು ಎಚ್ಚರವಾಗಿರುವಾಗ ಮಾತ್ರ ಉಳಿದವರಿಗೆ ಪ್ರಿಂಟ್ ಸಿಗುತ್ತದೆ, ಹಾಗಾಗಿ ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಎಂದಿಡಿ. ಪರದೆ ಆರಿದರೆ ತೊಂದರೆಯಿಲ್ಲ.

ಮುಖ್ಯ ಕಂಪ್ಯೂಟರ್ ವಿಂಡೋಸ್ ಆದರೆ

ಹಳೆಯ ಲೇಖನಗಳಲ್ಲಿ ಹೋಮ್‌ಗ್ರೂಪ್ ಎಂಬ ಸೌಲಭ್ಯದ ಮಾತು ಬರುತ್ತದೆ. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದುಹಾಕಿದ್ದಾರೆ, ಹುಡುಕಿ ಸಮಯ ಕಳೆಯಬೇಡಿ. ಈಗಿನ ಕ್ರಮ ಹೀಗೆ:

1. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ನಿಮ್ಮ ವೈ-ಫೈಯ ಪ್ರಾಪರ್ಟೀಸ್ ತೆರೆದು ‘ಪ್ರೈವೇಟ್ ನೆಟ್‌ವರ್ಕ್’ ಆರಿಸಿ. ‘ಪಬ್ಲಿಕ್’ ಎಂದಿದ್ದರೆ ಫೈರ್‌ವಾಲ್ ಬೇರೆ ಕಂಪ್ಯೂಟರುಗಳನ್ನು ಹತ್ತಿರ ಬಿಡುವುದಿಲ್ಲ.

2. ಅಲ್ಲೇ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೇಟ್ ನೆಟ್‌ವರ್ಕ್ಸ್ ಅಡಿಯಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ.

3. ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ನಲ್ಲಿ ಪ್ರಿಂಟರಿನ ಹೆಸರು ಒತ್ತಿ, ಪ್ರಿಂಟರ್ ಪ್ರಾಪರ್ಟೀಸ್, ಆಮೇಲೆ ಶೇರಿಂಗ್ ಹಾಳೆ. ‘ಶೇರ್ ದಿಸ್ ಪ್ರಿಂಟರ್’ ಗುರುತು ಹಾಕಿ. ಹೆಸರು ಚಿಕ್ಕದಾಗಿರಲಿ, ಇಂಗ್ಲಿಷ್ ಅಕ್ಷರಗಳಲ್ಲಿರಲಿ, ನಡುವೆ ಖಾಲಿ ಜಾಗ ಬೇಡ. ಕೆಳಗಿರುವ ‘ರೆಂಡರ್ ಪ್ರಿಂಟ್ ಜಾಬ್ಸ್ ಆನ್ ಕ್ಲೈಂಟ್ ಕಂಪ್ಯೂಟರ್ಸ್’ ಗುರುತನ್ನು ಹಾಗೇ ಬಿಡಿ.

4. ಇದೇ ಕಂಪ್ಯೂಟರಿನಲ್ಲಿ ಪ್ರಿಂಟಿಗೆಂದೇ ಪಾಸ್‌ವರ್ಡ್ ಇರುವ ಒಂದು ಲೋಕಲ್ ಖಾತೆ (ಇಮೇಲ್ ಬೇಡದ, ಆ ಯಂತ್ರಕ್ಕೆ ಸೀಮಿತವಾದ ಖಾತೆ) ತೆರೆಯಿರಿ.

ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ, ಆದರೆ ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ಇನ್ನೊಂದು ಲ್ಯಾಪ್‌ಟಾಪ್ ‘ಹೆಸರು, ಪಾಸ್‌ವರ್ಡ್ ಕೊಡಿ’ ಎಂದಾಗ ದಿನಾ ಬಳಸುವ ನಾಲ್ಕಂಕಿಯ ಪಿನ್ ಕೊಡುತ್ತೇವೆ. ಅದು ತಪ್ಪು ಎನ್ನುತ್ತದೆ. ಪಿನ್ ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವವರಿಗೆ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪ್ರತ್ಯೇಕ ಖಾತೆ ಇದ್ದರೆ ನಿಮ್ಮ ಇಮೇಲಿನ ಪಾಸ್‌ವರ್ಡನ್ನು ಮನೆಯ ಎಲ್ಲ ಯಂತ್ರಗಳಲ್ಲಿ ಟೈಪ್ ಮಾಡುವುದೂ ತಪ್ಪುತ್ತದೆ. ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿ ಎಂಬ ಸಲಹೆ ಬೇಕಾದಷ್ಟು ಕಡೆ ಸಿಗುತ್ತದೆ. ಅದನ್ನು ಪಾಲಿಸಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೋದಲ್ಲಂತೂ ಪಾಸ್‌ವರ್ಡಿಲ್ಲದ ಅತಿಥಿ ಪ್ರವೇಶವನ್ನು ಮೊದಲೇ ಮುಚ್ಚಿರುತ್ತಾರೆ.

ಇನ್ನು ಎರಡನೇ ವಿಂಡೋಸ್ ಕಂಪ್ಯೂಟರು. ಮೊದಲು ಅದರಲ್ಲೂ ಪ್ರಿಂಟರಿನ ಡ್ರೈವರನ್ನು ತಯಾರಕರ ತಾಣದಿಂದ ಇಳಿಸಿ ಹಾಕಿಕೊಳ್ಳಿ. ಆಮೇಲೆ ಪಾಸ್‌ವರ್ಡುಗಳನ್ನು ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್‌ನಲ್ಲಿ ಮುಖ್ಯ ಕಂಪ್ಯೂಟರಿನ ಹೆಸರು, ಈಗಷ್ಟೇ ತೆರೆದ ಖಾತೆ, ಅದರ ಪಾಸ್‌ವರ್ಡ್ ದಾಖಲಿಸಿ. ಪ್ರಿಂಟರ್ ಸೇರಿಸುವಾಗ ಹೆಸರಿನ ಮೂಲಕ ಸೇರಿಸುವ ಆಯ್ಕೆಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ (\), ಮುಖ್ಯ ಕಂಪ್ಯೂಟರಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಶ್, ಹಂಚಿಕೆಯ ಹೆಸರು, ಹೀಗೆ ಬರೆಯಿರಿ. ಇದನ್ನು ಅಡ್ಮಿನ್ ಅಧಿಕಾರ ಇರುವ ಖಾತೆಯಿಂದಲೇ ಮಾಡಿ. 2021ರ ಆಗಸ್ಟ್ ಅಪ್‌ಡೇಟಿನ ನಂತರ ಪ್ರಿಂಟರ್ ಡ್ರೈವರ್ ಹಾಕಲು ಅಡ್ಮಿನ್ ಒಪ್ಪಿಗೆ ಕಡ್ಡಾಯ, ಮಕ್ಕಳ ಖಾತೆಯಿಂದ ಆಗುವುದಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿಯೂ ಕೊನೆಗೆ 11ಬಿ ಎಂದು ಮುಗಿಯುವ ದೋಷಸಂಖ್ಯೆ ಬಂದರೆ ಅದರ ಹಿಂದೆಯೂ ಅದೇ ವರ್ಷದ ಕಥೆ ಇದೆ. ವಿಂಡೋಸ್‌ನ ಮುದ್ರಣ ವ್ಯವಸ್ಥೆಯಲ್ಲಿ 2021ರಲ್ಲಿ ಒಂದರ ಮೇಲೊಂದು ಗಂಭೀರ ಭದ್ರತಾ ಬಿರುಕುಗಳು ಹೊರಬಿದ್ದವು. ಜುಲೈನ ಪ್ರಿಂಟ್‌ನೈಟ್‌ಮೇರ್ ಅವುಗಳಲ್ಲಿ ಕುಖ್ಯಾತ. ಸೆಪ್ಟೆಂಬರ್ ಅಪ್‌ಡೇಟ್ ಬಂದ ಮೇಲೆ ಕಂಪ್ಯೂಟರುಗಳ ನಡುವಿನ ಮುದ್ರಣದ ಮಾತುಕತೆ ಗೂಢಲಿಪಿಯಲ್ಲೇ ನಡೆಯಬೇಕೆಂಬ ನಿಯಮ ಬಿಗಿಯಾಯಿತು. ಒಂದು ಯಂತ್ರಕ್ಕೆ ಅಪ್‌ಡೇಟ್ ಆಗಿ ಇನ್ನೊಂದಕ್ಕೆ ಆಗದಿದ್ದರೆ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ. ವಿಂಡೋಸ್‌ನ ಒಳ ಆಯ್ಕೆಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ಈ ನಿಯಮವನ್ನೇ ಕಿತ್ತುಹಾಕುವ ಉಪಾಯ ಎಲ್ಲೆಲ್ಲೂ ಸಿಗುತ್ತದೆ. ಪ್ರಿಂಟ್ ಬರುತ್ತದೆ, ಜೊತೆಗೆ ಮುಚ್ಚಿದ ಬಿರುಕೂ ತೆರೆದುಕೊಳ್ಳುತ್ತದೆ. ಬದಲಿಗೆ ಎರಡೂ ಯಂತ್ರಗಳಿಗೆ ಎಲ್ಲ ಅಪ್‌ಡೇಟ್ ಹಾಕಿ. ಅದಕ್ಕೂ ಬಗ್ಗದಿದ್ದರೆ ಪ್ರಿಂಟರನ್ನು ಲೋಕಲ್ ಪ್ರಿಂಟರ್ ಎಂದು ಸೇರಿಸಿ, ‘ಕ್ರಿಯೇಟ್ ಎ ನ್ಯೂ ಪೋರ್ಟ್’ನಲ್ಲಿ ‘ಲೋಕಲ್ ಪೋರ್ಟ್’ ಆರಿಸಿ, ಪೋರ್ಟಿನ ಹೆಸರಾಗಿ ಅದೇ ಬ್ಯಾಕ್‌ಸ್ಲ್ಯಾಶಿನ ವಿಳಾಸ ಕೊಟ್ಟು, ಮೊದಲೇ ಹಾಕಿಟ್ಟ ಡ್ರೈವರನ್ನು ಆರಿಸಿ. ಭದ್ರತೆಯ ನಿಯಮ ಹಾಗೇ ಉಳಿದು ಪ್ರಿಂಟೂ ಬರುವ ದಾರಿ ಇದು.

ಮುಖ್ಯ ಕಂಪ್ಯೂಟರ್ ಲಿನಕ್ಸ್ ಆದರೆ

ಮನೆಯಲ್ಲಿ ವಿಂಡೋಸ್, ಮ್ಯಾಕ್, ಫೋನುಗಳು ಎಲ್ಲ ಬೆರೆತಿದ್ದರೆ ನನ್ನ ಮೊದಲ ಆಯ್ಕೆ ವಿಂಡೋಸ್‌ನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯೇ. ಕಾರಣ ತಿಳಿಯುವುದು ಒಳ್ಳೆಯದು. ವಿಂಡೋಸ್ ಹಂಚಿದ ಪ್ರಿಂಟರಿಗೆ ಪ್ರತಿ ಯಂತ್ರದಲ್ಲೂ ಆ ಪ್ರಿಂಟರಿನದೇ ಡ್ರೈವರ್ ಬೇಕು. ಹಳೆಯ ಪ್ರಿಂಟರಿಗೆ ಹೊಸ ಮ್ಯಾಕ್‌ನ ಡ್ರೈವರ್ ಸಿಗದಿದ್ದರೆ ಅಲ್ಲಿಗೆ ಮುಗಿಯಿತು. ಲಿನಕ್ಸ್‌ನ ಮುದ್ರಣ ವ್ಯವಸ್ಥೆ ಕಪ್ಸ್ ಹಾಗಲ್ಲ. ಬೇರೆ ಯಂತ್ರಗಳು ಸಾಮಾನ್ಯ ರೂಪದಲ್ಲಿ ಪುಟ ಕಳಿಸಿದರೆ ಸಾಕು, ಪ್ರಿಂಟರಿನ ಭಾಷೆಗೆ ಬದಲಿಸುವ ಕೆಲಸ ಕಪ್ಸ್‌ನದು. ಡ್ರೈವರ್ ಒಂದೇ ಕಡೆ ಇದ್ದರಾಯಿತು. ಮೈಕೆಲ್ ಸ್ವೀಟ್ ರೂಪಿಸಿ 1999ರಲ್ಲಿ ಹೊರತಂದ ಈ ಕಪ್ಸ್ ಅನ್ನು ಆಪಲ್ 2002ರಿಂದ ಮ್ಯಾಕ್‌ನಲ್ಲೂ ಬಳಸುತ್ತಿದೆ. ಮ್ಯಾಕ್ ಮತ್ತು ಲಿನಕ್ಸ್ ಈ ವಿಷಯದಲ್ಲಿ ಇಷ್ಟು ಹೊಂದಿಕೊಳ್ಳುವುದು ಅದರಿಂದಲೇ.

ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿ, ಪ್ರಿಂಟರ್ ಸಿಕ್ಕಿಸಿ. ಹೆಚ್ಚಿನವು ತಾವಾಗಿ ಸೇರುತ್ತವೆ. ಲೇಸರ್‌ಜೆಟ್ 1020ಕ್ಕೆ ಎಚ್‌ಪಿಎಲ್‌ಐಪಿ ಎಂಬ ತಂತ್ರಾಂಶ ಮತ್ತು ಅದರ ಪ್ಲಗಿನ್ ಬೇಕು. ಆನ್ ಮಾಡಿದಾಗಲೆಲ್ಲ ಫರ್ಮ್‌ವೇರ್ ತುಂಬುವ ಕೆಲಸವನ್ನು ಅದು ನೋಡಿಕೊಳ್ಳುತ್ತದೆ. ಆ ಯಂತ್ರದಿಂದ ಒಂದು ಪುಟ ಸರಿಯಾಗಿ ಬಂದ ಮೇಲೆ ಬ್ರೌಸರಿನಲ್ಲಿ 127.0.0.1:631 ಎಂದು ಟೈಪ್ ಮಾಡಿ. ಕಪ್ಸ್‌ನ ಪುಟ ತೆರೆಯುತ್ತದೆ. ಅಡ್ಮಿನಿಸ್ಟ್ರೇಶನ್ ಹಾಳೆಯಲ್ಲಿ ‘ಶೇರ್ ಪ್ರಿಂಟರ್ಸ್ ಕನೆಕ್ಟೆಡ್ ಟು ದಿಸ್ ಸಿಸ್ಟಮ್’ ಗುರುತು ಹಾಕಿ ‘ಚೇಂಜ್ ಸೆಟ್ಟಿಂಗ್ಸ್’ ಒತ್ತಿ. ಆಮೇಲೆ ಪ್ರಿಂಟರ್ಸ್ ಹಾಳೆಯಲ್ಲಿ ನಿಮ್ಮ ಪ್ರಿಂಟರನ್ನು ತೆರೆದು, ಮಾಡಿಫೈ ಮಾಡುವಾಗ ‘ಶೇರ್ ದಿಸ್ ಪ್ರಿಂಟರ್’ ಗುರುತೂ ಇರುವಂತೆ ನೋಡಿಕೊಳ್ಳಿ. ಎರಡೂ ಗುರುತು ಬೇಕು, ಒಂದಿದ್ದರೆ ಸಾಲದು. ಈ ಯಂತ್ರಕ್ಕೂ ರೂಟರಿನಲ್ಲಿ ಖಾಯಂ ವಿಳಾಸ ಕೊಡಿ.

ಮ್ಯಾಕ್, ಐಫೋನ್‌ಗಳಲ್ಲಿ ಪ್ರಿಂಟರ್ ಸಾಮಾನ್ಯವಾಗಿ ತಾನಾಗಿ ಕಾಣಿಸುತ್ತದೆ. ವಿಂಡೋಸ್‌ನಲ್ಲಿ ಕಾಣದಿದ್ದರೆ ಆ ವಿಂಡೋಸ್ ಯಂತ್ರದ ಬ್ರೌಸರಿನಲ್ಲೇ ಲಿನಕ್ಸ್ ಯಂತ್ರದ ಐಪಿ ವಿಳಾಸ, ಕೋಲನ್, 631 ಎಂದು ಕೊಟ್ಟು ಕಪ್ಸ್ ಪುಟ ತೆರೆಯಿರಿ. ಪ್ರಿಂಟರ್ಸ್ ಹಾಳೆಯಲ್ಲಿ ಪ್ರಿಂಟರಿನ ಮೇಲೆ ಒತ್ತಿ, ಮೇಲಿನ ಪಟ್ಟಿಯಲ್ಲಿ ಬರುವ ಪೂರ್ತಿ ವಿಳಾಸವನ್ನು ಕಾಪಿ ಮಾಡಿ, ಪ್ರಿಂಟರ್ ಸೇರಿಸುವಾಗ ಹೆಸರಿನ ಜಾಗದಲ್ಲಿ ಅಂಟಿಸಿ. ಡ್ರೈವರ್ ಕೇಳಿದರೆ ಮೈಕ್ರೋಸಾಫ್ಟ್‌ನ ಐಪಿಪಿ ಕ್ಲಾಸ್ ಡ್ರೈವರ್ ಆರಿಸಿ.

ಹಳೆಯ ಲ್ಯಾಪ್‌ಟಾಪ್ ಇಲ್ಲದಿದ್ದರೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯುನಂಥ ಪುಟ್ಟ ಬೋರ್ಡ್ ಕಂಪ್ಯೂಟರ್ ಸಾಕು, ಇಡೀ ದಿನ ಆನ್ ಇದ್ದರೂ ಕರೆಂಟ್ ಬಿಲ್ಲಿನಲ್ಲಿ ಕಾಣುವುದಿಲ್ಲ. ಕೊಳ್ಳುವ ಮೊದಲು ಒಂದು ಎಚ್ಚರ: ಪೈನಲ್ಲಿರುವುದು ಆರ್ಮ್ ಪ್ರೊಸೆಸರ್. ಎಲ್‌ಬಿಪಿ2900ಕ್ಕೆ ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರುಗಳಿಗೆ ಮಾಡಿದ್ದು. ಆ ಪ್ರಿಂಟರ್ ಇರುವವರು ಹಳೆಯ ಲ್ಯಾಪ್‌ಟಾಪನ್ನೇ ನೆಚ್ಚಿಕೊಳ್ಳುವುದು ಮೇಲು.

ಮ್ಯಾಕ್ ಮುಖ್ಯ ಕಂಪ್ಯೂಟರ್ ಆಗಿದ್ದರೆ ಹೇಳುವುದು ಹೆಚ್ಚಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್‌ಗೆ ಹೋಗಿ ಪ್ರಿಂಟರ್ ಶೇರಿಂಗ್ ಆನ್ ಮಾಡಿ, ಪಕ್ಕದ ಗುರುತು ಒತ್ತಿ ಯಾವ ಪ್ರಿಂಟರ್ ಎಂದು ಆರಿಸಿ. ಉಳಿದ ಮ್ಯಾಕ್‌ಗಳಲ್ಲಿ ಅದು ಪಟ್ಟಿಗೆ ಬರುತ್ತದೆ.

ಫೋನಿನಿಂದ

ಐಫೋನಿಗೆ 2010ರಲ್ಲಿ ನೇರವಾಗಿ ಮುದ್ರಿಸುವ ಏರ್‌ಪ್ರಿಂಟ್ ಸೌಲಭ್ಯ ಬಂತು. ಆಂಡ್ರಾಯ್ಡ್ 8ರಿಂದ ಈಚೆಗೆ ಫೋನಿನಲ್ಲೇ ಡೀಫಾಲ್ಟ್ ಪ್ರಿಂಟ್ ಸರ್ವಿಸ್ ಇದೆ. ಅದು ಆಫ್ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಪ್ರಿಂಟಿಂಗ್’ ಎಂದು ಹುಡುಕಿ ಆನ್ ಮಾಡಿ. ವೈ-ಫೈ ಪ್ರಿಂಟರಿಗೂ ಕಪ್ಸ್ ಹಂಚಿದ ಪ್ರಿಂಟರಿಗೂ ಫೋನಿನಿಂದ ಹೀಗೆ ನೇರವಾಗಿ ಕಳಿಸಬಹುದು. ವಿಂಡೋಸ್ ಹಂಚಿದ ಯುಎಸ್‌ಬಿ ಪ್ರಿಂಟರ್ ಫೋನಿಗೆ ಕಾಣುವುದಿಲ್ಲ. ಫೋನಿನಲ್ಲಿ ನುಡಿ ಫಾಂಟಿನ ವರ್ಡ್ ಕಡತ ತೆರೆಯಲು ಹೋಗಬೇಡಿ, ಬರೆದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡರೆ ಫಾಂಟೂ ಅದರೊಳಗೇ ಸೇರಿಕೊಂಡು ಬರುತ್ತದೆ.

ಪ್ರಿಂಟ್ ಬರದಿದ್ದರೆ

ಹುಡುಕುವ ಕ್ರಮ ಮುಖ್ಯ. ಮೊದಲು ಪ್ರಿಂಟರ್ ಕಟ್ಟಿರುವ ಕಂಪ್ಯೂಟರಿನಿಂದಲೇ ಒಂದು ಪುಟ ಕೊಡಿ. ಅಲ್ಲೇ ಬರದಿದ್ದರೆ ಹಂಚಿಕೆಯ ಮಾತೇ ಬೇಡ, ಕೇಬಲ್, ಕಾಗದ, ಟೋನರ್ ನೋಡಿ. ಅಲ್ಲಿ ಬಂದರೆ ಎರಡೂ ಯಂತ್ರಗಳ ಐಪಿ ವಿಳಾಸ ಒಂದೇ ನೆಟ್‌ವರ್ಕಿನವೇ ನೋಡಿ. ಅದೂ ಸರಿ ಇದ್ದರೆ ಲ್ಯಾಪ್‌ಟಾಪಿನಲ್ಲಿ ವಿಪಿಎನ್ (ಆಫೀಸಿನಂಥ ಬೇರೆ ನೆಟ್‌ವರ್ಕಿಗೆ ದೂರದಿಂದ ಸೇರಿಸುವ ತಂತ್ರಾಂಶ) ಆನ್ ಆಗಿದೆಯೇ ಗಮನಿಸಿ. ಆಫೀಸಿನ ವಿಪಿಎನ್ ಮನೆಯ ನೆಟ್‌ವರ್ಕನ್ನು ಮರೆಮಾಡುವುದು ಸಾಮಾನ್ಯ. ಮನೆಯಿಂದ ಕೆಲಸ ಮಾಡುವವರ ದೂರುಗಳಿಗೆ ಬಹಳ ಸಲ ಅದೇ ಕಾರಣ. ಕಾಗದದ ತುಂಬ ಅರ್ಥವಿಲ್ಲದ ಅಕ್ಷರಗಳು ಒಂದಾದ ಮೇಲೊಂದು ಪುಟ ಬರತೊಡಗಿದರೆ ತಪ್ಪು ಡ್ರೈವರ್ ಆರಿಸಿದ್ದೀರಿ. ಕಾಗದದ ತಟ್ಟೆ ಎಳೆದು, ಸಾಲಿನಲ್ಲಿರುವ ಕೆಲಸ ರದ್ದು ಮಾಡಿ, ಡ್ರೈವರ್ ಬದಲಿಸಿ. ಬಹುಕಾರ್ಯದ ಪ್ರಿಂಟರ್ ಆದರೆ ಇನ್ನೊಂದು ತಿಳಿದಿರಲಿ: ವಿಂಡೋಸ್‌ನಲ್ಲಿ ಪ್ರಿಂಟರ್ ಹಂಚಿದರೆ ಸ್ಕ್ಯಾನರ್ ಹಂಚಿದಂತಾಗುವುದಿಲ್ಲ. ಸ್ಕ್ಯಾನನ್ನು ಮುಖ್ಯ ಕಂಪ್ಯೂಟರಿನಲ್ಲೇ ಮಾಡಬೇಕು.

ಊರಿನಿಂದಾಚೆ ಇದ್ದಾಗಲೂ ಪ್ರಿಂಟ್ ಕೊಡಬೇಕೆಂದು ರೂಟರಿನಲ್ಲಿ ಮುದ್ರಣಕ್ಕೆ ಬಳಸುವ 631 ಅಥವಾ 9100 ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್ ಜೊತೆಗಿನ ತಂತ್ರಾಂಶಗಳಲ್ಲೇ ಗಂಭೀರ ದೋಷಗಳು ಬಯಲಾದವು. ಅಪ್‌ಡೇಟ್ ಹಾಕಿಕೊಂಡು ರೂಟರಿನ ಒಳಗೇ ಇದ್ದವರಿಗೆ ಭಯವಿರಲಿಲ್ಲ, ಪೋರ್ಟ್ ತೆರೆದಿಟ್ಟವರಿಗೆ ಇತ್ತು.

ಎಲ್ಲ ಸೇರಿಸಿ ಮುಗಿದ ಮೇಲೆ ಪ್ರತಿ ಯಂತ್ರದಿಂದಲೂ ಒತ್ತಕ್ಷರಗಳು ತುಂಬಿದ ಒಂದು ಕನ್ನಡ ಪುಟವನ್ನು ಅಂಚಿನಿಂದ ಅಂಚಿಗೆ ಬರುವಂತೆ ಪ್ರಿಂಟ್ ಕೊಟ್ಟು ನೋಡಿ. ಕೆಳಗಿನ ಸಾಲು ಕತ್ತರಿಸಿಹೋಗಿದ್ದರೆ ಆ ಯಂತ್ರದ ಡ್ರೈವರಿನಲ್ಲಿ ಕಾಗದದ ಅಳತೆ ‘ಲೆಟರ್’ ಎಂದಿರುತ್ತದೆ. ಅದು 279 ಮಿಲಿಮೀಟರ್ ಉದ್ದದ ಅಮೆರಿಕದ ಅಳತೆ, ನಮ್ಮ ಎ4 ಹಾಳೆ 297 ಮಿಲಿಮೀಟರ್. ಈ ಆಯ್ಕೆ ಪ್ರತಿ ಕಂಪ್ಯೂಟರಿನಲ್ಲೂ ಬೇರೆಬೇರೆಯಾಗಿ ಉಳಿಯುತ್ತದೆ, ಒಂದರಲ್ಲಿ ಸರಿಪಡಿಸಿದರೆ ಉಳಿದವು ಸರಿಹೋಗುವುದಿಲ್ಲ. ವಿಂಡೋಸ್‌ನಲ್ಲಿ ಪ್ರಿಂಟಿಂಗ್ ಪ್ರಿಫರೆನ್ಸಸ್, ಮ್ಯಾಕ್‌ನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್‌ನ ಡೀಫಾಲ್ಟ್ ಪೇಪರ್ ಸೈಜ್, ಕಪ್ಸ್‌ನಲ್ಲಿ ಸೆಟ್ ಡೀಫಾಲ್ಟ್ ಆಪ್ಷನ್ಸ್, ಮೂರು ಕಡೆಯೂ ಎ4 ಎಂದಿಡಿ. ವಿಂಡೋಸ್‌ನಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಎಂಬುದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಯಾರಾದರೂ ಒಮ್ಮೆ ಪಿಡಿಎಫ್ ಆಗಿ ಉಳಿಸಿದರೆ ಮುಂದಿನ ಪ್ರಿಂಟ್ ಕಾಗದಕ್ಕೆ ಬರುವ ಬದಲು ಕಡತಕ್ಕೇ ಹೋಗುತ್ತದೆ.